ಮೊದಲ ತುತ್ತು ಕರಿಯನಿಗೆ

ಚನ್ನಪಟ್ಟಣದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಸಾಕು, ಕರಿಯ ಎದುರಿಗೆ ಹಾಜರ್. ಮುದ್ದೆ ಮುರಿಯುವ ಕೈಯನ್ನೇ ನೋಡುತ್ತಾನೆ. ಅಪ್ಪ ಗದರುತ್ತಾರೆ, ಅಜ್ಜಿ ಯಾರಿಗೂ ಕಾಣದಂತೆ ಒಂದು ತುತ್ತು ಜಾರಿಸುತ್ತಾಳೆ. ಈ ಸಲ ಹೊಸತೊಡಕಿನ ದಿನ ಹಾಗೆ ಜಾರಿದ್ದು ಕೋಳಿ ಮೂಳೆ. ಬೆಂದ ಮೂಳೆ ಚೂಪು ಚೂಪಾಗಿ ಒಡೆಯುತ್ತದೆ. ಅದು ಗಂಟಲಿಗೆ ಸಿಕ್ಕಿ, ರಾತ್ರೋರಾತ್ರಿ ಪಶುವೈದ್ಯರ ಬಳಿ ಓಡಿದೆವು. ಪುಣ್ಯಕ್ಕೆ ಬದುಕಿದ.

ತಪ್ಪು ನಾಯಿಯದಲ್ಲ, ನಮ್ಮದು. ಪ್ರತಿ ಸಲ ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಗುವುದರ ಚಟ ಬಿಡುವುದು ಕಷ್ಟ ಎಂದು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಎಂದೋ ತೋರಿಸಿದ್ದಾರೆ. ಹತ್ತು ಸಲ ಗದರಿ ಹನ್ನೊಂದನೇ ಸಲ ಕೊಟ್ಟರೆ, ನಾಯಿ ಕಲಿಯುವುದು ಹನ್ನೊಂದನೆಯದನ್ನೇ. (ಇಂಟರ್ನಲ್ಸ್ ಹಿಂದಿನ ರಾತ್ರಿ ರೀಲ್ಸ್ ತಳ್ಳುತ್ತಾ ಕೂರುವ ಬಿ.ಇ. ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

‘ನೋಡ್ತಿರೋ ಬಾಯ್ಗೆ ಕೊಡ್ದೆ ಉಂಡ್ರೆ ಅರಗ್ತದೇನ್ಲಾ ಮಗಾ?’ ಅಂದಳು ಅಜ್ಜಿ. ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಪ್ಪಂದವಾಯಿತು: ನಮ್ಮ ಊಟಕ್ಕೂ ಮೊದಲು, ಹಿತ್ತಲಲ್ಲಿ, ಅವನದೇ ತಟ್ಟೆಗೆ ಅಜ್ಜಿಯೇ ಹಾಕಬೇಕು. ಮುದ್ದೆ, ಮೊಟ್ಟೆ ಸರಿ; ಈರುಳ್ಳಿ, ಖಾರ, ಮೂಳೆ ಬೇಡ. ನಾವು ಉಣ್ಣುವಾಗ ಯಾರೂ ಅವನತ್ತ ನೋಡುವಂತಿಲ್ಲ.

ಮೊದಲ ವಾರ ಬೊಗಳಾಟ ಇನ್ನೂ ಜೋರಾಯಿತು. ಗದರುತ್ತಿದ್ದ ಅಪ್ಪನೇ ಸೋತು ಎರಡು ಸಲ ಕೊಟ್ಟುಬಿಟ್ಟರು! ಈಗ ಮೂರನೇ ವಾರ. ಕರಿಯ ಬಾಗಿಲ ಬಳಿ ಮಲಗಿರುತ್ತಾನೆ, ಒಂದು ಕಣ್ಣು ಮಾತ್ರ ಅಜ್ಜಿಯ ಕೈ ಮೇಲೆ.