ಕರುಳಿನ ರೋಗವೂ ಕುಟುಂಬದ ಲೆಕ್ಕವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ತರುಣನೊಬ್ಬನನ್ನು "ನಿನ್ನ ಕುಟುಂಬ ಯಾವುದು?" ಎಂದು ಕೇಳಿದರೆ, ಎಷ್ಟೋ ಮನೆತನಗಳಲ್ಲಿ ಅವನು ಹೇಳುವುದು ತಾಯಿಯ ಕುಟುಂಬವನ್ನು. ಬಂಟರು, ಬಿಲ್ಲವರು, ಇಲ್ಲಿನ ಜೈನರು ಅನುಸರಿಸುತ್ತ ಬಂದ ಅಳಿಯಸಂತಾನದ ಕಟ್ಟು ಅಂಥದು. 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ ಆಸ್ತಿಯ ಮಾತು ಬೇರೆಯಾಯಿತು. ಬರಿ ಮಾತ್ರ ಇಂದಿಗೂ ತಾಯಿಯದೇ. ಸೋದರಮಾವನ ಕಾಯಿಲೆಗಳನ್ನೆಲ್ಲ ಬಲ್ಲವರೂ, ತಂದೆಯ ಅಣ್ಣ ಯಾವ ರೋಗದಿಂದ ತೀರಿಕೊಂಡರೆಂದು ಕೇಳಿದರೆ "ಅದು ಅವರ ಕುಟುಂಬದ ಮಾತು" ಎನ್ನುವುದುಂಟು.

ವಂಶವಾಹಿಗಳು ಈ ಕಟ್ಟನ್ನು ಅರಿಯವು. ದೊಡ್ಡಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಚಿಕ್ಕ ಗಂಟುಗಳು ಮೊಳೆಯುತ್ತವೆ. ಹೆಚ್ಚಿನವು ನಿರುಪದ್ರವಿಗಳು, ಅಡಿನೋಮಾ ಎಂಬ ಜಾತಿಯವುಗಳಲ್ಲಿ ಕೆಲವು, ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಮಿಕ್ಕ ಕಾಲದಲ್ಲಿ, ಕ್ಯಾನ್ಸರಾಗಿ ಮಾರ್ಪಡುತ್ತವೆ. 1991ರಲ್ಲಿ ಗುರುತಿಸಲ್ಪಟ್ಟ ಎ.ಪಿ.ಸಿ. ಎಂಬ ವಂಶವಾಹಿ 5ನೆಯ ವರ್ಣತಂತುವಿನ ಮೇಲಿದೆ. ಅದು ಕೆಟ್ಟಿದ್ದರೆ ತಾರುಣ್ಯದಲ್ಲಿಯೇ ನೂರಾರು ಪಾಲಿಪುಗಳೇಳುತ್ತವೆ. ದೋಷ ತಂದೆಯಲ್ಲಿರಲಿ ತಾಯಿಯಲ್ಲಿರಲಿ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇಂಥ ಮನೆತನಗಳು ವಿರಳ, ನಿಜ. ಆದರೆ ಸಾಮಾನ್ಯ ಮನೆಗಳಲ್ಲಿಯೂ ತಂದೆತಾಯಿಗಳಲ್ಲಿ ಅಥವಾ ಒಡಹುಟ್ಟಿದವರಲ್ಲಿ ಒಬ್ಬರಿಗೆ ಈ ಕ್ಯಾನ್ಸರು ಬಂದಿದ್ದರೆ ನಮಗಿರುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ.

2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ತಪಾಸಣೆಯ ಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳು ಈ ಮೂರರ ಕ್ಯಾನ್ಸರುಗಳು ಸೇರಿದುವು, ಕರುಳು ಸೇರಲಿಲ್ಲ. ಅದನ್ನು ನಾನು ತಪ್ಪೆನ್ನಲಾರೆ. ಪಶ್ಚಿಮದೇಶಗಳಿಗಿಂತ ನಮ್ಮಲ್ಲಿ ಈ ರೋಗ ಕಡಮೆ; ಸರ್ವರ ಕರುಳಿನೊಳಗೂ ದರ್ಶಕನಳಿಕೆಯನ್ನು ತೂರಿಸಿ ನೋಡುವಷ್ಟು ವೈದ್ಯರೂ ಇಲ್ಲ, ಹಣವೂ ಇಲ್ಲ. ಆದುದರಿಂದಲೇ ಯಾರನ್ನು ಮೊದಲು ನೋಡಬೇಕೆಂಬುದು ತಿಳಿಯಬೇಕು. ಅದನ್ನು ತಿಳಿಸಬಲ್ಲುದು ಮನೆತನದ ಚರಿತ್ರೆ. ಅದಕ್ಕೆ ಕಾಸಿನ ಖರ್ಚಿಲ್ಲ. ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ 60ಕ್ಕೆ ಮೊದಲು ರೋಗ ಬಂದಿದ್ದರೆ, 40ನೆಯ ವಯಸ್ಸು ಅಥವಾ ಅವರಿಗೆ ರೋಗ ಕಂಡ ವಯಸ್ಸಿಗೆ 10 ವರ್ಷ ಹಿಂದಿನದು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೊಪಿ ಮಾಡಿಸಬೇಕೆಂಬುದು ವೈದ್ಯರಲ್ಲಿ ರೂಢವಾದ ನಿಯಮ. ಕಂಡ ಪಾಲಿಪನ್ನು ಸಾಮಾನ್ಯವಾಗಿ ಆಗಲೇ ತಂತಿಯ ಕುಣಿಕೆಯಿಂದ ಕೊಯ್ದು ತೆಗೆಯುತ್ತಾರೆ. ಮುಂದೆ ಕ್ಯಾನ್ಸರಾಗಬಹುದಾದದ್ದು ಅಲ್ಲಿಗೇ ಮುಗಿಯಿತು.

ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ತಂದೆಯ ಮೂಲಮನೆಗೆ ಹೋದಾಗ ಒಂದು ಹಾಳೆಯಲ್ಲಿ ಎರಡು ಕಡೆಯ ಹಿರಿಯರನ್ನೂ ಬರೆದುಕೊಳ್ಳಲಿ. "ಮೂಲವ್ಯಾಧಿಯಿತ್ತು, ರಕ್ತ ಹೋಗುತ್ತಿತ್ತು" ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡದೆ, ವೈದ್ಯರು ಪರೀಕ್ಷಿಸಿ ಹೇಳಿದ ಮಾತೆ, ಆಗ ವಯಸ್ಸೆಷ್ಟು ಎಂದು ಕೇಳಲಿ. ಇನ್ನೂ ಒಂದು ಪ್ರಶ್ನೆ ಉಂಟು: "ಪಾಲಿಪ್ ತೆಗೆಸಿದ್ದುಂಟೆ?" ಕ್ಯಾನ್ಸರಲ್ಲವೆಂದು ವೈದ್ಯರು ಹೇಳಿದ ಮೇಲೆ, ತೆಗೆಸಿಕೊಂಡವರು ಮಕ್ಕಳಿಗೆ ಅದನ್ನು ಹೇಳದೆಯೇ ಮರೆತಿರುತ್ತಾರೆ.