ಬೆರಗಿಗೆ ಬಾಯಿ ತೆರೆದಿರಲೇಬೇಕೆ?

ಜಲವರ್ಣದ ಒಂದು ಚಿತ್ರ: ಮಂಜು ಮುಸುಕಿದ ಕಾಡು, ಕೊಡೆಯಷ್ಟು ದೊಡ್ಡ ಅಣಬೆ, ಅದರ ಕೆಳಗೆ ಬಾಯಿ ತೆರೆದು ನಿಂತ ಮಗು. ಮಕ್ಕಳ ಪುಸ್ತಕಗಳಲ್ಲಿ ಇದು ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಕಂಡೊಡನೆ ನಮ್ಮ ವಿಮರ್ಶಕ ಮಹಾಶಯರು ‘ನಿಸರ್ಗದೆದುರು ಶೈಶವದ ಮುಗ್ಧ ವಿಸ್ಮಯ’ ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತಾರೆ. ಏನೂ ತಿಳಿಯದಿರುವುದೇ ಬೆರಗಿನ ಬಂಡವಾಳವೆಂದು ಇವರಿಗೆ ಹೇಳಿಕೊಟ್ಟವರಾರು?

ಈ ಬಗೆಯ ಚಿತ್ರಗಳ ಹಿರಿಯಜ್ಜಿ ಎನ್ನಬಹುದಾದ ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಅಣಬೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದವಳು. ಅಣಬೆಯ ಬೀಜಕಣ ಮೊಳೆಯುವ ಬಗೆಯನ್ನು ಕುರಿತ ಆಕೆಯ ಪ್ರಬಂಧ 1897ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂತು. (ಹೆಂಗಸರಿಗೆ ಆ ಸಭೆಗೆ ಪ್ರವೇಶವಿರಲಿಲ್ಲ, ಆಕೆ ಹೊರಗೇ ಉಳಿದಳು.) ಮೊಲದ ಕಥೆ ಪ್ರಕಾಶಕರ ಕೈಯಿಂದ ಹೊರಬಂದದ್ದು ಆಮೇಲೆ, 1902ರಲ್ಲಿ. ನಮ್ಮ ಅನುಕರಣಕಾರರಾದರೋ ಆಕೆಯ ಅಣಬೆಯನ್ನು ಅಲ್ಲಿಯೇ ಬಿಟ್ಟು ಮಂಜನ್ನು ಮಾತ್ರ ಹೊತ್ತು ತಂದರು.

ಈ ಮಂಜನ್ನು ಕೊಳ್ಳೇಗಾಲದ ಕಡೆಯ ಮಗುವಿನ ಮುಂದೆ ಹಿಡಿದು ‘ಏನನ್ನಿಸುತ್ತದೆ?’ ಎಂದು ಕೇಳಿ ನೋಡಿ. ‘ಈ ಅಣಬೆ ತಿನ್ನುವುದೋ, ವಿಷದ್ದೋ?’ ಎಂದು ಅದು ತಿರುಗಿ ಕೇಳಿದರೆ, ಪಾಪ, ಮಗುವಿಗೆ ಕಲ್ಪನಾಶಕ್ತಿ ಸಾಲದು ಎನ್ನುವ ಪಂಡಿತರಿದ್ದಾರೆ! ರೇಷ್ಮೆ ಸಾಕುವ ಮನೆಯ ಮಗು ಹುಳು ನಾಲ್ಕು ಸಲ ಪೊರೆ ಕಳಚುವುದನ್ನು ಕಂಡಿದೆ, ಆ ಒಂದೊಂದು ನಿದ್ದೆಯನ್ನೂ ದೊಡ್ಡವರು ‘ಜ್ವರ’ವೆನ್ನುವುದನ್ನು ಕೇಳಿದೆ, ಇರುಳೆಲ್ಲ ಸಾವಿರಾರು ಹುಳು ಹಿಪ್ಪುನೇರಳೆ ಸೊಪ್ಪು ಮೇಯುವ ಮಳೆಯಂಥ ಸದ್ದಿಗೆ ಕಿವಿಗೊಟ್ಟು ಮಲಗಿದೆ. ಇದು ಬೆರಗಲ್ಲದೆ ಮತ್ತೇನು ಸ್ವಾಮಿ?

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ, ಹನೂರಿನ ಮಾದಪ್ಪನ ಬೆಟ್ಟದ ಸೀಮೆಯಲ್ಲಾಗಲಿ ಬೆಳೆದ ಸೋಲಿಗರ ಮಗುವಿನ ಮಾತಂತೂ ಬೇರೆಯೇ. ಹೆಜ್ಜೇನಿಗೂ ತುಡುವೆಗೂ ಇರುವ ಅಂತರ ಅದು ಪುಸ್ತಕದಿಂದ ಕಲಿಯಬೇಕಾದ್ದಲ್ಲ. ದೊಡ್ಡ ಸಂಪಿಗೆ ಅದರ ಪಾಲಿಗೆ ಮರವೂ ಹೌದು, ದೇವರೂ ಹೌದು. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವಾಯಿತು, ಸೋಲಿಗರು ಹಚ್ಚುತ್ತಿದ್ದ ತರಗುಬೆಂಕಿಗೆ ತಡೆ ಬಿತ್ತು, ಲಂಟಾನ ಕವಿಯಿತು. ಬೆಂಕಿ ನಿಂತದ್ದರಿಂದಲೇ ಹೀಗಾಯಿತೆಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದ ಮಗುವಿಗೆ ಆ ಪೊದೆ ಸುಮ್ಮನೆ ಹಸುರಾಗಿ ಕಂಡೀತೆ? ಅದು ಕಾಡಿನೆದುರು ಬಾಯಿ ತೆರೆದು ನಿಲ್ಲುವುದಿಲ್ಲ, ಬಗ್ಗಿ ಹೆಜ್ಜೆಗುರುತು ನೋಡುತ್ತದೆ. ನಮ್ಮ ಕುಂಚಗಳಿಗೆ ಆ ಬಗ್ಗಿದ ಬೆನ್ನು ಏಕೆ ಕಾಣುವುದಿಲ್ಲ? ಕಂಡರೂ ಅದನ್ನು ‘ಮುಗ್ಧ’ವೆಂದು ಕರೆಯಲು ಬರುವುದಿಲ್ಲವೆಂದೇ?

ವಿಮರ್ಶಕರಲ್ಲಿ ನನ್ನದೊಂದು ಕೇಳಿಕೆ. ಇಂಥ ಚಿತ್ರಕ್ಕೆ ಇನ್ನೊಮ್ಮೆ ಅರ್ಥ ಬರೆಯುವ ಮುನ್ನ ಅದರಲ್ಲಿರುವುದು ಯಾವ ಮರವೆಂದು ಹೇಳಿ. ಬರೆದ ಚಿತ್ರಕಾರನಿಗೂ ಗೊತ್ತಿಲ್ಲವಾದರೆ, ಇಬ್ಬರೂ ಕೂಡಿ ಯಾವುದಾದರೊಂದು ಪೋಡಿನ ಮಗುವನ್ನು ಕೇಳಿಕೊಂಡು ಬನ್ನಿ.