ಆ ಹುಡುಗ ನೀವೇ ಏನು?

ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಗಾರ್ಡನ್ ಆಲ್‌ಪೋರ್ಟರಿಗೆ ಎರಡು ಕಡೆ ಜಾಗ ಕೊಟ್ಟಿರುತ್ತಾರೆ. ಒಂದು ಕಡೆ ಅವರು ನಿಘಂಟನ್ನು ಜಾಲಾಡಿ ಮನುಷ್ಯನ ಗುಣಗಳನ್ನು ಎಣಿಸಿದ ಮಹನೀಯರು. ಇನ್ನೊಂದು ಕಡೆ ಫ್ರಾಯ್ಡರ ಎದುರಿಗೆ ಪೆಚ್ಚಾಗಿ ಕುಳಿತ ತರುಣ. ಮೊದಲನೆಯದು ಹೊಗಳಿಕೆ, ಎರಡನೆಯದು ನಗೆಚಾಟಿಕೆ. ಎರಡೂ ಅವರಿಗೆ ಮಾಡಿದ ಅನ್ಯಾಯವೆಂಬುದು ನನ್ನ ವಾದ.

ನಗೆಚಾಟಿಕೆಯಿಂದಲೇ ಆರಂಭಿಸೋಣ. ೧೯೨೦ರಲ್ಲಿ, ಇಪ್ಪತ್ತೆರಡರ ಹರೆಯದ ಆಲ್‌ಪೋರ್ಟರು ಕಾನ್‌ಸ್ಟಾಂಟಿನೋಪಲಿನಲ್ಲಿ ಒಂದು ವರ್ಷ ಪಾಠ ಹೇಳಿ ಅಮೆರಿಕಕ್ಕೆ ಮರಳುವಾಗ ವಿಯೆನ್ನಾದಲ್ಲಿ ಇಳಿದರು. ಫ್ರಾಯ್ಡರಿಗೆ ಕಾಗದ ಬರೆದು, ಕರೆಯೂ ಬಂದು, ಅವರ ಕೋಣೆಯಲ್ಲಿ ಕುಳಿತದ್ದೂ ಆಯಿತು. ಫ್ರಾಯ್ಡರು ಮಾತಿಲ್ಲದೆ ನೋಡುತ್ತಿದ್ದರು. ಆ ಮೌನವನ್ನು ಸಹಿಸಲಾರದೆ ಆಲ್‌ಪೋರ್ಟರು, ಬರುವಾಗ ಟ್ರಾಮಿನಲ್ಲಿ ಕಂಡದ್ದನ್ನು ಹೇಳಿದರು. ನಾಲ್ಕು ವರ್ಷದ ಹುಡುಗನೊಬ್ಬ ಕೊಳೆಗೆ ಹೆದರಿ, ಅಲ್ಲಿ ಕೂರಲಾರೆ, ಈತನ ಪಕ್ಕ ಕೂರಲಾರೆ ಎಂದು ತಾಯಿಯನ್ನು ಕಾಡುತ್ತಿದ್ದ. ತಾಯಿಯೋ ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಗತ್ತಿನ ಹೆಂಗಸು. ಎಲ್ಲವನ್ನೂ ಕೇಳಿದ ಫ್ರಾಯ್ಡರು ಕರುಣೆಯ ಕಣ್ಣಿನಿಂದ ನೋಡಿ ಪ್ರಶ್ನಿಸಿದರು: "ಆ ಹುಡುಗ ನೀವೇ ಏನು?"

ಈ ಕಥೆಯನ್ನು ಲೋಕಕ್ಕೆ ಹೇಳಿದವರು ಸ್ವತಃ ಆಲ್‌ಪೋರ್ಟರೇ. ಆದರೂ ಫ್ರಾಯ್ಡರ ಪಕ್ಷದ ಪಂಡಿತರಿಗೆ ತೃಪ್ತಿಯಿಲ್ಲ. ಆಲ್‌ಪೋರ್ಟರು ವೈದ್ಯರ ಮಗ, ದೈವಭಕ್ತೆಯಾದ ತಾಯಿಯ ಕೈಯಲ್ಲಿ ಮಡಿಯಾಗಿ ಬೆಳೆದವರು, ಆದ್ದರಿಂದ ಫ್ರಾಯ್ಡರ ಊಹೆಯೇ ಸರಿ ಎನ್ನುತ್ತಾರೆ. ಸ್ವಾಮಿ, ಇದೆಂಥ ನ್ಯಾಯ? ಹೌದೆಂದರೆ ತಪ್ಪೊಪ್ಪಿಗೆ, ಅಲ್ಲವೆಂದರೆ ಬಚ್ಚಿಟ್ಟ ಹಾಗೆ! ಸೋಲುವುದಕ್ಕೆ ದಾರಿಯೇ ಇಲ್ಲದ ವಾದ ಗೆದ್ದರೆ ಅದಕ್ಕೆ ಹಾರ ಹಾಕಬೇಕಾದ್ದಿಲ್ಲ. ಪರದೇಶದ ಹುಡುಗನೊಬ್ಬ ದೊಡ್ಡವರ ಮುಂದೆ ಸಂಕೋಚಪಟ್ಟು ಏನೋ ಒಂದು ಮಾತು ಹುಡುಕಿದ ಎಂಬ ಸಾಧಾರಣ ಸಂಗತಿ ಇವರಿಗೆ ಹೊಳೆಯುವುದೇ ಇಲ್ಲ.

ಸುಪ್ತ ಮನಸ್ಸೇ ಇಲ್ಲವೆಂದು ಆಲ್‌ಪೋರ್ಟರು ಹೇಳಲಿಲ್ಲ. ಆಳಕ್ಕೆ ಧುಮುಕುವ ಮೊದಲು ಮೇಲೆ ಕಾಣುವುದನ್ನು ನೋಡಿ, ಮನುಷ್ಯನ ಉದ್ದೇಶವನ್ನು ಮೊದಲು ಅವನನ್ನೇ ಕೇಳಿ ಎಂದರು. ವ್ಯಕ್ತಿತ್ವವನ್ನು ಕುರಿತ ೧೯೩೭ರ ಗ್ರಂಥದಲ್ಲಿ ಅವರು ಹಳೆಯ ನಾವಿಕನೊಬ್ಬನ ಮಾತನ್ನು ತೆಗೆಯುತ್ತಾರೆ. ಹೊಟ್ಟೆಪಾಡಿಗೆ ಹಡಗು ಹತ್ತಿದವನು, ಆ ಪಾಡು ತೀರಿದ ಮೇಲೂ ಕಡಲಿಗಾಗಿ ಹಂಬಲಿಸುತ್ತಾನೆ. ಹಂಬಲ ಈಗ ತನ್ನ ಕಾಲ ಮೇಲೆ ತಾನೇ ನಿಂತಿದೆ. ಹೊಟ್ಟೆಪಾಡು ಅದರ ಚರಿತ್ರೆಯಷ್ಟೆ, ಇಂದಿನ ಕಾರಣವಲ್ಲ. ಬಾಲ್ಯವನ್ನೇ ಕೆದಕುತ್ತ ಕೂರುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕೆ?

ಇನ್ನು ಹೊಗಳಿಕೆ. ೧೯೩೬ರಲ್ಲಿ ಹೆನ್ರಿ ಓಡ್‌ಬರ್ಟರೊಡನೆ ಸೇರಿ ಅವರು ವೆಬ್‌ಸ್ಟರ್ ನಿಘಂಟಿನಿಂದ ಮನುಷ್ಯ ಮನುಷ್ಯನಿಗಿರುವ ಭೇದವನ್ನು ಹೇಳುವ ೧೭,೯೫೩ ಪದಗಳನ್ನು ಆಯ್ದರು. ಸ್ಥಿರವಾದ ಗುಣಗಳನ್ನು ಹೇಳುವವು ಅವುಗಳಲ್ಲಿ ೪,೫೦೪. ರೇಮಂಡ್ ಕ್ಯಾಟೆಲ್ ಇವನ್ನು ಗಣಿತದ ಜರಡಿಗೆ ಹಾಕಿ ಕಡೆಗೆ ಹದಿನಾರಕ್ಕೆ ತಂದು ನಿಲ್ಲಿಸಿದರು; ಆಮೇಲಿನವರು ಐದಕ್ಕೆ. ಇಂದು ನೌಕರಿ ಕೇಳಿಕೊಂಡು ಬಂದವನಿಗೆ ಆ ಐದರಲ್ಲಿ ಅಂಕ ಹಾಕುವವರು, ಇದಕ್ಕೆಲ್ಲ ಮೂಲಪುರುಷರು ಆಲ್‌ಪೋರ್ಟರೆಂದು ಕೈಮುಗಿಯುತ್ತಾರೆ. ಆಲ್‌ಪೋರ್ಟರ ಮಟ್ಟಿಗಾದರೋ ಒಬ್ಬನ ಪ್ರಾಮಾಣಿಕತೆ ಇನ್ನೊಬ್ಬನ ಪ್ರಾಮಾಣಿಕತೆಯಲ್ಲ. ಎಲ್ಲರಿಗೂ ಹೊಂದುವ ಸಾಮಾನ್ಯ ಗುಣವೆಂಬುದು ಹೋಲಿಕೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು.

ಅವರೂ ಪರೀಕ್ಷೆ ರಚಿಸಲಿಲ್ಲವೆ ಎಂದು ಕೇಳುವಿರಿ. ರಚಿಸಿದರು, ೧೯೩೧ರಲ್ಲಿ, ಫಿಲಿಪ್ ವರ್ನನ್ನರೊಡನೆ. ಆದರೆ ಅದರ ಕಟ್ಟನ್ನು ನೋಡಿ. ತತ್ತ್ವ, ಅರ್ಥ, ಸೌಂದರ್ಯ, ಸಮಾಜ, ರಾಜಕೀಯ, ಧರ್ಮ ಎಂದು ಆರು ಒಲವುಗಳು. ಒಂದಕ್ಕೆ ಅಂಕ ಏರಿದರೆ ಇನ್ನೊಂದರಲ್ಲಿ ಇಳಿಯಲೇಬೇಕು. ಒಬ್ಬನೊಳಗೆ ಯಾವುದು ಯಾವುದಕ್ಕಿಂತ ಮಿಗಿಲೆಂದು ತಿಳಿಯುತ್ತದೆಯೇ ಹೊರತು, ಅವನನ್ನು ನೆರೆಯವನ ಪಕ್ಕ ನಿಲ್ಲಿಸಿ ಎತ್ತರ ನೋಡುವುದಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಅವರು ಜಾರಿದ್ದೂ ಉಂಟು, ಮುಚ್ಚಿಡಬೇಕಾಗಿಲ್ಲ. ಜೆನ್ನಿ ಎಂಬ ಮರೆಹೆಸರಿನ ವಿಧವೆಯೊಬ್ಬಳು ೧೯೨೬ರಿಂದ ೧೯೩೭ರವರೆಗೆ, ತನ್ನ ಐವತ್ತೆಂಟರಿಂದ ಎಪ್ಪತ್ತರ ವಯಸ್ಸಿನಲ್ಲಿ, ಮಗನ ಗೆಳೆಯನಿಗೂ ಅವನ ಹೆಂಡತಿಗೂ ೩೦೧ ಕಾಗದ ಬರೆದಳು. ಅವುಗಳನ್ನು ಓದಿದ ೩೬ ಮಂದಿ ಆಕೆಗೆ ಅಂಟಿಸಿದ ೧೯೮ ಗುಣಪದಗಳನ್ನು ಆಲ್‌ಪೋರ್ಟರು ಎಂಟು ಗಂಟುಗಳಾಗಿ ಕಟ್ಟಿದರು: ಜಗಳಗಂಟಿ, ಸ್ವಾರ್ಥಿ, ಸ್ವತಂತ್ರೆ, ಹೀಗೆ. ಅವರು ೧೯೬೭ರಲ್ಲಿ ತೀರಿಕೊಂಡು ಬಹುಕಾಲವಾದ ಮೇಲೆ, ಆ ಗೆಳೆಯ ಬೇರಾರೂ ಅಲ್ಲ, ಆಲ್‌ಪೋರ್ಟರೇ ಎಂದು ಸಂಶೋಧಕರು ಗುರುತಿಸಿದರು. ತನ್ನನ್ನು ನಂಬಿ ಬರೆದವಳನ್ನು ಮೂವತ್ತಾರು ಜನರ ಮುಂದೆ ಹರಡಿದ್ದು ನನಗೂ ಹಿಡಿಸದ ಕೆಲಸ.

ಆದರೆ ೧೯೬೫ರಲ್ಲಿ ಅದನ್ನು ಪುಸ್ತಕವಾಗಿ ತಂದಾಗ ಅವರು ಎಂಟು ಮಾತು ಹೇಳಿ ಕಾಗದಗಳನ್ನು ಬೀರುವಿಗೆ ಸೇರಿಸಲಿಲ್ಲ. ಪುಸ್ತಕದ ಬಹುಭಾಗ ಜೆನ್ನಿಯ ಕಾಗದಗಳೇ. ನಮ್ಮ ವಿವರಣೆ ಒಪ್ಪಿಗೆಯಾಗದಿದ್ದವರು ಆಕೆಯ ಮಾತನ್ನೇ ಓದಿಕೊಳ್ಳಬಹುದು. ಐದು ಅಂಕಗಳ ಪಂಡಿತರನ್ನು ಕೇಳುತ್ತೇನೆ: ನೀವು ಬರೆದುಕೊಡುವ ವರದಿಗಳಲ್ಲಿ, ನೌಕರಿಗೆಂದು ಬಂದವನು ತನ್ನ ಬಗ್ಗೆ ತಾನಾಡಿದ ಒಂದು ವಾಕ್ಯವನ್ನಾದರೂ ಎಲ್ಲಿ ಇಟ್ಟಿದ್ದೀರಿ?